ಬೂಟು ಕಳೆದುಕೊಂಡ ಸ್ಟೇಷನ್ ಮಾಸ್ಟರಿಗೆ

ಹೊಸ ಮನೆಯ ಅಡುಗೆ ಕಟ್ಟೆಯಲ್ಲಿ ಉಪ್ಪಿನ ಡಬ್ಬಿಗೆ ಒರಗಿ ನಿಂತಿರುವ ಸ್ಟೇಷನ್ ಮಾಸ್ಟರ್ ಸಾಹೇಬರ ಸಮಕ್ಷಮಕ್ಕೆ,

ಮಾನ್ಯರೇ,

ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಲ್ಲ, ನನ್ನ ಮೊದಲ ದೂರು ಅದೇ. ಬಾಯಲ್ಲಿ ಹೇಳಿ ಮುಗಿಸುವ ಮಾತಿಗೆ ಕಾಗದ ಹಾಳು ಮಾಡುವುದು ನನ್ನ ಜಾಯಮಾನವಲ್ಲ. ಆದರೆ ನಾನು ಬಾಯಿ ತೆರೆದ ಕೂಡಲೇ ನಮ್ಮ ಮನೆಯವರು ಕಿವಿಯ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ತಮಗೋ ಕಿವಿಯನ್ನು ಬಣ್ಣದಲ್ಲಿ ಬರೆದಿದ್ದಾರೆಯೇ ಹೊರತು ತೂತು ಇಟ್ಟಿಲ್ಲ. ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದಲಿ ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಆ ಬಾಗಿಲನ್ನು ಗಳಿಗೆಗೊಮ್ಮೆ ತೆಗೆದು ಸುಮ್ಮನೆ ಮುಚ್ಚುವವರು ಯಾರೆಂಬುದು ತಮಗೂ ಗೊತ್ತು.

ತಾವು ಹೆಬ್ಬೆರಳಿನಷ್ಟೇ ಎತ್ತರವಿದ್ದರೂ ತಮ್ಮ ಆಡಳಿತ ದೊಡ್ಡದು. ಗಡಿಯಾರ ರಿಪೇರಿ ಮಾಡಿ ಉಳಿದ ಹೊತ್ತನ್ನೆಲ್ಲ ಸುರಿದು ನಮ್ಮ ಮನೆಯವರು ಹಳೆಯ ಮನೆಯ ಕೋಣೆಯಲ್ಲಿ, ಮಂಚಕ್ಕಿಂತ ದೊಡ್ಡ ಹಲಗೆಯ ಮೇಲೆ, ಪೇಪರು ಗೋಂದಿನ ಬೆಟ್ಟ, ಎಣ್ಣೆ ಡಬ್ಬದ ಸುರಂಗ, ನನ್ನ ಬಾಚಣಿಗೆಯ ಬೇಲಿ ಎಲ್ಲ ಕಟ್ಟಿ, ಆಟದ ರೈಲಿಗೆ ಹಳಿ ಹಾಸಿ, ತಮ್ಮನ್ನು ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿದರು. ಅಷ್ಟಕ್ಕೇ ಬಿಡದೆ, ನಾನು ಮನೆಯಲ್ಲಿಲ್ಲದ ದಿನ ನೋಡಿ ಗೋಡೆ ಕೊರೆದು ಹಳಿಯನ್ನು ನನ್ನ ಅಡುಗೆ ಕಟ್ಟೆಯವರೆಗೆ ತಂದರು. ಖಾಲಿ ಬೋಗಿ ಬಂತೆಂದರೆ ಬಿಸ್ಕತ್ತು ಬೇಕು ಎಂದರ್ಥ. ನನಗೆ ಸಿಟ್ಟು ಬಂದಿದ್ದರೆ ಅದರಲ್ಲಿ ಒಂದು ಹಸಿಮೆಣಸಿನಕಾಯಿ ಹಾಕಿ ಕಳಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದೇ ಮೆಣಸಿನಕಾಯಿ ಪಕ್ಕದಲ್ಲೊಂದು ಪೆಪ್ಪರಮೆಂಟ್ ಕೂರಿಸಿಕೊಂಡು ವಾಪಸು ಬರುತ್ತಿತ್ತು. ತಮ್ಮ ಗಾಡಿ ಸುರಂಗದಲ್ಲಿ ಸಿಕ್ಕಿಕೊಂಡಾಗಲೆಲ್ಲ ಸೌಟಿನ ಹಿಡಿಯಿಂದ ತಿವಿದು ಹೊರಡಿಸಿದವಳು ನಾನೇ. ಹೀಗಿದ್ದರೂ ತಮ್ಮ ಸಮಯಪಾಲನೆಯನ್ನು ಎಷ್ಟು ಹೊಗಳಿದರೂ ಸಾಲದು.

ಈಗ ದೂರಿನ ತಿರುಳಿಗೆ ಬರುತ್ತೇನೆ. ನನ್ನ ಮಂಡಿಗೆ ಮೆಟ್ಟಿಲು ಆಗುವುದಿಲ್ಲವೆಂದು ಲಿಫ್ಟ್ ಇರುವ ಈ ಮನೆಗೆ ಬಂದೆವು. ಆ ಹಲಗೆಯನ್ನು ಕೋಣೆಯೊಳಗೇ ಕಟ್ಟಿದ್ದು, ಅದು ಎಂದಾದರೂ ಬಾಗಿಲು ದಾಟಬೇಕಾದೀತೆಂದು ಕಟ್ಟಿದವರಿಗೂ ಹೊಳೆದಿರಲಿಲ್ಲ, ಬೈದವಳಿಗೂ ಹೊಳೆದಿರಲಿಲ್ಲ. ಲಾರಿಯವನು ಬಂದು, “ಅಜ್ಜಾ, ಇದು ಆಟದ ಸಾಮಾನಾ, ಫರ್ನೀಚರಾ? ಬರ್ಕೋಬೇಕು” ಎಂದ. ಇವರು ಒಳಗಿಂದ ಗರಗಸ ತಂದು, ಯಾರ ಕೈಗೂ ಕೊಡದೆ, ಬೆಟ್ಟವನ್ನು ಸ್ವತಃ ಕೊಯ್ದು ಎರಡು ಮಾಡಿದರು. ಮಗಳು, “ಅಪ್ಪಾ, ಫೋಟೋ ತೆಗೀತೀನಿ ಇರಿ, ಆಮೇಲೆ ಜೋಡ್ಸೋಕೆ ಬೇಕಾಗತ್ತೆ” ಎಂದರೆ, “ಬೇಡ ಬಿಡಮ್ಮ” ಎಂದುಬಿಟ್ಟರು. ತಮ್ಮನ್ನು ಕಿತ್ತಾಗ ಗೋಂದು ಬಿಡದೆ ತಮ್ಮ ಬೂಟುಗಳು ಪ್ಲಾಟ್‌ಫಾರಂ ಮೇಲೆಯೇ ಉಳಿದವು. ಬರಿಗಾಲಿನ ತಮ್ಮನ್ನು ನನ್ನ ಕನ್ನಡಕದ ಡಬ್ಬಿಯಲ್ಲಿಟ್ಟು ತಂದ ಉಪಕಾರವನ್ನು ತಾವು ಮರೆತಂತಿದೆ.

ಏಕೆಂದರೆ ಬಂದಾಗಿನಿಂದ ತಮ್ಮ ಇಲಾಖೆ ಕಣ್ಣೇ ಬಿಟ್ಟಿಲ್ಲ. ಬೆಟ್ಟ, ಹಳಿ, ಗಾಡಿ ತುಂಬಿದ ಪೆಟ್ಟಿಗೆಗಳ ಮೇಲೆ ‘ಹಳೇ ಸಾಮಾನು’ ಎಂದು ಬರೆದು ಮಂಚದ ಕೆಳಗೆ ತಳ್ಳಿದ್ದಾರೆ. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಒಂದು ಬಿಸ್ಕತ್ತು ಸಿಗತ್ತಾ?” ಎಂದು ನೆಂಟರ ಹಾಗೆ ಕೇಳುತ್ತಾರೆ. ಇಷ್ಟು ವರ್ಷ ಜಗಳವಾಡಿ ನನಗೆ ಸಿಕ್ಕಿದ್ದು ಈ ಮರ್ಯಾದೆ. ಮೊನ್ನೆ ರೇಗಿಹೋಗಿ ತಟ್ಟೆಯ ಅಂಚಿಗೆ ಒಂದು ಹಸಿಮೆಣಸಿನಕಾಯಿ ಇಟ್ಟು ಕೊಟ್ಟೆ. ಊಟದ ಜೊತೆ ಅದನ್ನೂ ಕಚ್ಚಿಕೊಂಡು ತಿಂದು, ಕೈತೊಳೆದು ಎದ್ದುಹೋದರು. ನನ್ನ ಮಂಡಿಗಾಗಿ ರೈಲು ಬಿಟ್ಟರಂತೆ. ಬಿಡಿ ಎಂದು ಮಂಡಿ ಹೇಳಿತ್ತೇ?

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಾವು ಕೂಡಲೇ ಉಪ್ಪಿನ ಡಬ್ಬಿ ಬಿಟ್ಟು ಇಳಿದು, ಮಂಚದ ಕೆಳಗೆ ನುಗ್ಗಿ, ತಮ್ಮ ಬೂಟು ತಾವೇ ಹುಡುಕಿಕೊಂಡು ಡ್ಯೂಟಿಗೆ ಹಾಜರಾಗಬೇಕು. ಬೆಟ್ಟದ ಹೊಲಿಗೆ ಕಂಡರೂ ಪರವಾಗಿಲ್ಲ, ನನ್ನ ಮಂಡಿಯ ಮೇಲೂ ಒಂದಿದೆ. ಕೋಣೆ ಸಣ್ಣದಾದರೆ ಬೆಟ್ಟವನ್ನೂ ಸಣ್ಣದು ಮಾಡಿ, ಒಂದೇ ಹಳಿ ಸಾಕು, ಆದರೆ ಅದು ನನ್ನ ಕಟ್ಟೆಗೆ ಬರಬೇಕು. ಒಲೆಯ ಪಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಬರೆದಿದ್ದೇನೆ. ಕೆಳಗಿನ ಮನೆಯ ವೈರಿಂಗ್‌ನವರಿಂದ ಕೊರೆಯುವ ಮೆಷಿನ್ ತಂದು ಮೇಜಿನ ಕೆಳಗಿಟ್ಟಿದ್ದೇನೆ. ಈ ಸಲ ನಾನು ಮನೆಯಲ್ಲಿಲ್ಲದ ಹೊತ್ತು ಕಾಯಬೇಕಾಗಿಲ್ಲ.

ಬರುವ ಭಾನುವಾರ, ಹದಿನಾಲ್ಕನೇ ತಾರೀಖು, ಸಂಜೆಯ ಚಹಾದ ಹೊತ್ತಿಗೆ ಖಾಲಿ ಬೋಗಿ ನನ್ನ ಮುಂದೆ ನಿಂತಿರಬೇಕು.

ಆ ಭಾನುವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಗೋಡೆಯಾಚೆಯ ಅಡುಗೆಮನೆಯವಳು

ಮರೆತ ಮಾತು: ತಮ್ಮ ಸ್ಟೇಷನ್ ಪಕ್ಕದ ಕೆರೆಯನ್ನು ಕಿತ್ತಾಗ ಅದು ಎಂದೋ ಕಳೆದುಹೋದ ನನ್ನ ಕೈಗನ್ನಡಿ ಎಂದು ತಿಳಿಯಿತು. ಅಂದು ಟಾರ್ಚ್ ಹಿಡಿದು ನನ್ನ ಜೊತೆ ಮನೆಯೆಲ್ಲ ಹುಡುಕಿದ ಮಹಾನುಭಾವರ ಹೆಸರು ಇಲ್ಲಿ ಬರೆಯುವುದಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡೆ, ಕೆರೆಯಾಗಿಯೇ ಚೆನ್ನಾಗಿತ್ತು, ಇಟ್ಟುಕೊಳ್ಳಿ. ಉತ್ತರ ಮಾತ್ರ ಹದಿನಾಲ್ಕರೊಳಗೆ ಬೋಗಿಯಲ್ಲೇ ಬರಬೇಕು. ಬಾಯಲ್ಲಿ ಹೇಳಿದರೆ ನನಗೂ ಕಿವಿ ಕೇಳುವುದಿಲ್ಲ.