ಅವರ ಹಲ್ಲು ಹೇಗುಂಟು?

ಮದುವೆಯಾಗಿ ಹನ್ನೆರಡು ವರ್ಷವಾದ ಹೆಂಗಸಿಗೆ ಗಂಡನ ಬಗ್ಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ಇವರ ಅಂಗಿಯ ಅಳತೆ ಗೊತ್ತು, ಪತ್ರದ ಎಷ್ಟನೆಯ ಸಾಲಿನಲ್ಲಿ ನನ್ನ ಮೀನುಸಾರು ನೆನೆಯುತ್ತಾರೆ ಎಂಬುದೂ ಗೊತ್ತು. ಇವರು ಸೌದಿಯ ದಮ್ಮಾಮಿನಲ್ಲಿ, ನಾನು ಪಾಣೆಮಂಗಳೂರಿನಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಹಾಗಾಗಿ ನಮ್ಮ ಮನೆಯ ದೊಡ್ಡ ಕೆಲಸಗಳೆಲ್ಲ ‘ಇವರು ಬಂದ ಮೇಲೆ’ ಎಂಬ ಒಂದೇ ಗೂಟಕ್ಕೆ ನೇತಾಡುತ್ತಿರುತ್ತವೆ. ಮಗಳು ಸಫಿಯಾಳ ಹಲ್ಲೂ ಅಲ್ಲೇ ನೇತಾಡುತ್ತಿತ್ತು.

ಸಫಿಯಾಳಿಗೆ ಹತ್ತು ವರ್ಷ. ಹಾಲುಹಲ್ಲು ಬೀಳುವ ಮೊದಲೇ ಹೊಸವು ಮೂಡಿ, ಬಿ.ಸಿ. ರೋಡಿನಲ್ಲಿ ಸಂಜೆಯ ಬಸ್ಸಿಗೆ ಹತ್ತುವವರ ಹಾಗೆ ಒಂದನ್ನೊಂದು ನೂಕಿಕೊಂಡು ನಿಂತಿದ್ದವು. "ಉಪ್ಪ ಬರಲಿ, ನೋಡುವ" ಎಂದು ನಾನು ದೂಡಿದೆ. ಉಪ್ಪ ಬಂದರು. ನೆಂಟರ ಮನೆಯ ಊಟ ಉಣ್ಣುವುದರಲ್ಲೇ ರಜೆ ಮುಗಿಯಿತು. ಪೆಟ್ಟಿಗೆ ಕಟ್ಟುವವರ ಎದುರು ಹಲ್ಲಿನ ಮಾತೆತ್ತಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಒಂದು ದಿನ ಮಗಳೇ, "ಉಮ್ಮ, ಶಾಲೆಯ ಗ್ರೂಪ್ ಫೋಟೋಕ್ಕೆ ನಾನು ನಿಲ್ಲುದಿಲ್ಲ" ಎಂದಳು. ಮರುದಿನವೇ ಬಂಟ್ವಾಳದ ದಂತವೈದ್ಯರ ಬಳಿ ಹೋದೆವು.

"ಏಳೆಂಟು ವರ್ಷಕ್ಕೇ ಒಮ್ಮೆ ತೋರಿಸಬೇಕಿತ್ತು" ಎಂದರು ಡಾಕ್ಟರು. "ಈಗಲೂ ತಡ ಆಗ್ಲಿಲ್ಲ. ಅಡ್ಡ ಕೂತ ಎರಡು ಹಾಲುಹಲ್ಲು ತೆಗೆಯುವ. ಉಳಿದವು ಬರುವುದನ್ನು ನೋಡಿಕೊಂಡು ಹನ್ನೆರಡು ವರ್ಷದ ಹೊತ್ತಿಗೆ ತಂತಿ ಹಾಕುವ." ಆಮೇಲೆ ನನ್ನ ಬಾಯಿಯನ್ನೂ ತೆರೆಸಿದರು. "ನಿಮ್ಮದು ಚೆಂದ ಉಂಟು. ಇದು ವಂಶದಿಂದ ಬರುವುದುಂಟು. ತಂದೆಯ ಹಲ್ಲು ಹೇಗುಂಟು?"

ನಾನು ಬಾಯಿ ತೆರೆದವಳು ಹಾಗೆಯೇ ಉಳಿದೆ. ಇವರ ಬೆನ್ನಿನ ಮಚ್ಚೆ ನೆನಪಾಯಿತು, ಅತ್ತರಿನ ವಾಸನೆ ನೆನಪಾಯಿತು. ಹಲ್ಲು ಮಾತ್ರ ನೆನಪಾಗಲಿಲ್ಲ. ಮನೆಗೆ ಬಂದು ಆಲ್ಬಮ್ ಬಿಡಿಸಿದೆ. ಮದುವೆಯ ದಿನ ಬಾಯಿ ಮುಚ್ಚಿದ್ದಾರೆ, ಕಂಪೆನಿಯ ಜೀಪಿನ ಎದುರೂ ಬಾಯಿ ಮುಚ್ಚಿದ್ದಾರೆ. ಹನ್ನೆರಡು ವರ್ಷದಲ್ಲಿ ನಾವು ಒಟ್ಟಿಗಿದ್ದದ್ದು ಒಂದೇ ವರ್ಷ ಎಂದು ಅವತ್ತು ಮೊದಲ ಸಲ ಹೊಳೆಯಿತು. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಇವರ ಫೋನ್ ಬರುವುದು ಶುಕ್ರವಾರ, ನೆರೆಯ ಐಸಮ್ಮನ ಮನೆಗೆ. ನಾನು ರಿಸೀವರ್ ಎತ್ತಿಕೊಂಡರೆ ಐಸಮ್ಮ ಟಿ.ವಿ.ಯ ಸದ್ದು ತಗ್ಗಿಸುತ್ತಾರೆ. ಅದು ನನ್ನ ಅನುಕೂಲಕ್ಕೆ ಎಂದು ಅವರ ಹೇಳಿಕೆ.

"ನಿಮ್ಮ ಹಲ್ಲು ಹೇಗುಂಟು?" ಎಂದು ಕೇಳಿದೆ.

"ಹಲ್ಲಾ? ನೋವೇನೂ ಇಲ್ಲ."

"ನೋವಲ್ಲ. ಸಾಲಾಗಿ ಉಂಟಾ?"

"ಕೆಳಗಿನ ಎರಡು ಒಂದರ ಮೇಲೊಂದು ಉಂಟಲ್ಲ ಮಾರಾಯ್ತಿ. ನೀನು ನೋಡ್ಲಿಲ್ವಾ?"

"ನೋಡಿದ್ದೇನೆ" ಎಂದು ಸುಳ್ಳು ಹೇಳಿ, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ನಾನು ಬಂದ ಮೇಲೆ ನೋಡುವ."

"ಇಲ್ಲ, ನಾಳೆಯೇ ತೆಗೆಸ್ತೇನೆ" ಎಂದೆ. ನನ್ನ ಧೈರ್ಯ ಕಂಡು ನನಗೇ ಬೆರಗಾಯಿತು, ಐಸಮ್ಮನಂತೂ ಟಿ.ವಿ.ಯನ್ನೇ ಆರಿಸಿದರು.

"ಆಗ್ಲಿ" ಎಂದರು ಇವರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ, ನಿನ್ನ ಹಲ್ಲು ಹೇಗುಂಟು?"

ಅಷ್ಟರಲ್ಲಿ ಲೈನ್ ಕಡಿಯಿತು.

ಮದುವೆಯಾಗಿ ಹನ್ನೆರಡು ವರ್ಷವಾದರೂ ಹೆಂಡತಿಯ ಹಲ್ಲು ಗೊತ್ತಿಲ್ಲದ ಗಂಡಸೂ ಒಬ್ಬ ಗಂಡನೇ? ಎಂದು ಸಿಟ್ಟಿನಿಂದ ಕುದಿಯುತ್ತಾ ಮನೆಗೆ ಬಂದೆ. ಈ ಅನ್ಯಾಯವನ್ನು ಯಾರಲ್ಲಾದರೂ ಹೇಳಿಕೊಳ್ಳಲೇಬೇಕಿತ್ತು. ಯೋಚಿಸಿ ನೋಡಿದರೆ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ನನಗಿದ್ದವರು ಇವರೊಬ್ಬರೇ. ಮುಂದಿನ ಶುಕ್ರವಾರಕ್ಕೆ ಇನ್ನೂ ಏಳು ದಿನವಿತ್ತು.