ನೆರೆ ಮಾಹಿತಿಗೆ ನನ್ನ ಫೋಟೊ

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು ನಾನು. ಆದರೆ ಕಾವೇರಿ ಉಕ್ಕಿದಾಗ ಯಾವ ರಸ್ತೆ ಮುಚ್ಚಿದೆ, ಯಾವುದು ತೆರೆದಿದೆ ಎಂದು ತಿಳಿಸುವ ವೆಬ್‌ಸೈಟ್ ಮಾಡಿದವನು ಯಳಂದೂರಿನಲ್ಲಿ ಗೊಬ್ಬರ ಮಾರುವ ನನ್ನ ಷಡ್ಡಕ ನಾಗೇಶ! ಬಣ್ಣವಿಲ್ಲ, ಬೆಡಗಿಲ್ಲ, ಬರೀ ನಾಲ್ಕು ಸಾಲು.

"ಯಳಂದೂರ್ ಅಳಿಮಯ್ಯ ಬಾಳ ಬುದ್ವಂತ ಅಂತ ಅವ್ವ ಒಗಳ್ತಿತ್ತು ಕಣ್ರಿ" ಎಂದು ನನ್ನ ಹೆಂಡತಿ ರತ್ನ ಊಟಕ್ಕೆ ಕೂತಾಗಲೇ ವರದಿ ಒಪ್ಪಿಸಿದಳು. ಮುದ್ದೆ ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ. ಹೊಟ್ಟೆಕಿಚ್ಚು ಎನ್ನಿ, ನನಗೇನೂ ಬೇಸರವಿಲ್ಲ.

ವಾರದೊಳಗೆ ನನ್ನ ವೆಬ್‌ಸೈಟ್ ಸಿದ್ಧ! ತೆರೆದರೆ ನಾದಸ್ವರ. ಆಮೇಲೆ ಉದ್ಘಾಟನೆಯ ವಿಡಿಯೊ. ನಂತರ ರಸ್ತೆಗಳ ಬಣ್ಣದ ನಕ್ಷೆ. ಎಲ್ಲಕ್ಕೂ ಮೇಲೆ, ಕೈಮುಗಿದು ನಗುತ್ತಿರುವ ನನ್ನ ದೊಡ್ಡ ಫೋಟೊ.

ಇನ್ನು ನೆರೆ ಬರುವುದೊಂದೇ ಬಾಕಿ. ಬಂದೇಬಿಟ್ಟಿತು.

ಅಣೆಕಟ್ಟೆಯ ನೀರು ಬಿಟ್ಟರು. ಹೊಳೆದಂಡೆಯ ಊರಿನ ಅತ್ತೆ, ಗಂಟುಮೂಟೆ ಕಟ್ಟಿಕೊಂಡು ಫೋನ್ ಮಾಡಿದರು. "ಯಾವ ದಾರೀಲಿ ಬರ್ಲಿ ಅಳಿಮಯ್ಯ?"

ಬಾಯಲ್ಲೇ ಹೇಳಬಹುದಿತ್ತು. ಆದರೆ ಇಷ್ಟು ಕಷ್ಟಪಟ್ಟಿದ್ದು ಯಾಕೆ? "ನನ್ನ ವೆಬ್‌ಸೈಟ್ ನೋಡಿ ಅತ್ತೆ, ಎಲ್ಲಾ ಅಲ್ಲೇ ಇದೆ" ಎಂದು ಗಂಭೀರವಾಗಿ ಫೋನ್ ಇಟ್ಟೆ.

ಅಷ್ಟರಲ್ಲಿ ಇಡೀ ತಾಲ್ಲೂಕೇ ಅಲ್ಲಿಗೆ ನುಗ್ಗಿತ್ತು. ಪರದೆಯ ಮೇಲೆ ಬರೀ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಗಾಬರಿಯಾಗಿ ಬಂಡಳ್ಳಿಯ ಚಿಕ್ಕಪ್ಪನಿಗೆ, ಕಾಮಗೆರೆಯ ಭಾವನಿಗೆ, ಹನೂರಿನ ಗೆಳೆಯರಿಗೆಲ್ಲ ಫೋನ್ ಮಾಡಿ, "ನಿಮ್ಮಲ್ಲಿ ತೆರೆಯುತ್ತಾ ನೋಡಿ!" ಎಂದೆ. ಎಲ್ಲರೂ ಮನೆಮಂದಿ ಸಮೇತ ಒತ್ತಿ ನೋಡಿದರು. ಅಲ್ಪಸ್ವಲ್ಪ ಉಸಿರಾಡುತ್ತಿದ್ದ ವೆಬ್‌ಸೈಟ್ ಪೂರ್ತಿ ಮಲಗಿತು!

ಆಗ ನಾಗೇಶನದೇ ಫೋನ್. "ಅಣ್ಣಾ, ಇಷ್ಟು ಜನ ಒಂದೇ ಸಲ ಬಂದ್ರೆ ಭಾರದ್ದು ಏಳಾಕಿಲ್ಲ. ಪಟಗಿಟ ಎಲ್ಲಾ ತಗ್ದಾಕಿ, ಬರೀ ಬರವಣಿಗೆ ಮಡಗಿ."

ಅವನು ಹೇಳಿದ್ದು ಸರಿಯಾಗಿತ್ತು. ಅದೇ ನನಗೆ ಉರಿದದ್ದು! ಹಲ್ಲು ಕಚ್ಚಿಕೊಂಡು ನಾದಸ್ವರ ತೆಗೆದೆ. ವಿಡಿಯೊ ತೆಗೆದೆ. ಏಳಲಿಲ್ಲ. ಇನ್ನು ಉಳಿದದ್ದು ಎರಡೇ: ನಕ್ಷೆ ಮತ್ತು ನಾನು.

ಬಹಳ ಯೋಚಿಸಿ ನಕ್ಷೆ ತೆಗೆದೆ.

ವೆಬ್‌ಸೈಟ್ ಚಂಗನೆ ಎದ್ದಿತು! ಕುಣಿಯುವಷ್ಟರಲ್ಲಿ ಅತ್ತೆಯ ಫೋನ್.

"ಅಳಿಮಯ್ಯ, ನಿಮ್ ಮಕ ಕಾಣ್ತು. ದಾರಿ ಕಾಣ್ನಿಲ್ವಲ್ಲಾ?"

ರತ್ನ ಫೋನ್ ಕಿತ್ತುಕೊಂಡಳು. "ಅವ್ವ ಒಳೆ ದಂಡೇಲವ್ಳೆ, ನೀವು ನಗ್ತಾ ಕೈ ಮುಗ್ದು ನಿಂತಿದ್ದೀರಲ್ರೀ!" ಎಂದು ನನ್ನನ್ನು ಗದರಿ, ಅತ್ತ ತಿರುಗಿ, "ಅವ್ವಾ, ನಾಗೇಶಣ್ಣಂದು ನೋಡವ್ವಾ" ಎಂದಳು.

ಅತ್ತೆ ಅವನ ನಾಲ್ಕು ಸಾಲು ಓದಿ, ತೆರೆದಿದ್ದ ರಸ್ತೆ ಹಿಡಿದು, ನೀರು ಊರಿಗೆ ನುಗ್ಗುವ ಮೊದಲೇ ಕ್ಷೇಮವಾಗಿ ಹೊರಬಂದರು. ಹೋದದ್ದು ಎಲ್ಲಿಗೆ? ಹತ್ತಿರದ ಕೊಳ್ಳೇಗಾಲ ದಾಟಿ, ನಮ್ಮ ಬೀದಿಯ ಮುಂದೆಯೇ ಹಾದು, ಸೀದಾ ಯಳಂದೂರಿಗೆ!

ನನ್ನ ವೆಬ್‌ಸೈಟಿಗೆ ಮಾತ್ರ ಜನ ಬರುತ್ತಲೇ ಇದ್ದರು. ಪಾಪ, ಅವರಿಗಾದರೂ ದಾರಿ ತೋರಿಸಬೇಡವೇ? ರತ್ನ ಪಕ್ಕದಲ್ಲೇ ನಿಂತು ಫೋಟೊದ ಕೆಳಗೆ ನನ್ನ ಕೈಯಿಂದಲೇ ಒಂದು ಸಾಲು ಬರೆಸಿದಳು: "ಮಾಹಿತಿಗೆ ನಾಗೇಶ್ ಅವರ ವೆಬ್‌ಸೈಟ್ ನೋಡಿ."

ಆಮೇಲೆ ಒಂದು ಸಲವೂ ಅದು ಮಲಗಿಲ್ಲ. ಹಗಲೂ ರಾತ್ರಿ ನಾನು ಕೈಮುಗಿದು, ನಗುನಗುತ್ತಾ, ಎಲ್ಲರನ್ನೂ ಷಡ್ಡಕನ ಮನೆಗೆ ಕಳುಹಿಸಿಕೊಡುತ್ತಿದ್ದೇನೆ.