ದೊಡ್ಡಪ್ಪನ ಮೂರನೆಯ ಕಾಲಂ

ಹೆಂಡತಿ ಹೊಸ ಸೀರೆ ಉಟ್ಟರೂ ಗಮನಿಸದ, ಆದರೆ ಕಂಪ್ಯೂಟರಿನ ಅಕ್ಷರ ಯಾವ ತಾರೀಖು ದಪ್ಪವಾಯಿತೆಂದು ಥಟ್ಟನೆ ಹೇಳುವ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಹಿರಿಯೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮ ದೊಡ್ಡಪ್ಪ! ಅವರನ್ನು ನೆನೆದರೆ ಈಗಲೂ ನಗು ಬರುತ್ತದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಕೊಂಡ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ದೊಡ್ಡಪ್ಪ ತಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರು. ಅಂದಿನಿಂದ ಯಾವ ಸೆಟ್ಟಿಂಗ್ ಮುಟ್ಟಿದರೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು. ಮೂರು ಕಾಲಂ: ಏನು ಬದಲಾಯಿತು, ಯಾಕೆ, ಮತ್ತೆ ಮೊದಲಿನಂತೆ ಮಾಡುವುದು ಹೇಗೆ. ಕಂಪ್ಯೂಟರಿನ ಸೆಟ್ಟಿಂಗ್ ಫೈಲಿನಲ್ಲೂ ಹಳೆಯ ಸಾಲನ್ನು ಅಳಿಸುವಂತೆಯೇ ಇಲ್ಲ. ಅದರ ಮುಂದೆ ಹ್ಯಾಶ್ (#) ಗುರುತು ಹಾಕಿದರೆ ಸಾಕು, ಕಂಪ್ಯೂಟರ್ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದಂತೆ. ನಾನೊಮ್ಮೆ ಪರದೆಯ ಬಣ್ಣ ಬದಲಿಸಿ ಸುಮ್ಮನಿದ್ದೆ.

"ಲೇ, ಮುಟ್ಟಕ್ಕೆ ಕೈ ಐತೆ, ಬರಿಯಕ್ಕಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದರು.

ಈ ಹುಚ್ಚು ಅಡುಗೆಮನೆಗೂ ಹಬ್ಬಿತು. ದೊಡ್ಡಮ್ಮ ಮಿಕ್ಸಿಯನ್ನು ಕಿಟಕಿ ಪಕ್ಕಕ್ಕೆ ಇಟ್ಟರೆ ಅದಕ್ಕೂ ಒಂದು ಸಾಲು!

"ನನ್ನೂ ಬರ್ಕಳ್ರಿ ಅದ್ರಾಗೆ," ಎಂದರು ದೊಡ್ಡಮ್ಮ.

"ನೀನು ಬದಲಾದ್ರೆ ತಾನೇ ಬರ್ಕಳದು?"

ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಟೀಗೆ ಕೂಗಿ ಕೂಗಿ ದೊಡ್ಡಮ್ಮನಿಗೆ ಗಂಟಲು ನೋವು. ದೊಡ್ಡಪ್ಪ ಏನು ಮಾಡಬೇಕು? ಆ ಕೂಗನ್ನೇ ರೆಕಾರ್ಡ್ ಮಾಡಿ, ದಿನಾ ಸಂಜೆ ನಾಲ್ಕಕ್ಕೆ ಕೇಳಿಸುವಂತೆ ಕಂಪ್ಯೂಟರಿಗೆ ಒಂದು ಆದೇಶದ ಸಾಲು ಸೇರಿಸಿದರು: "ರೀ, ಟೀ ಆರೋಗ್ತೈತೆ, ಬರ್ರಿ!" ಅವರು ಎದ್ದು ಹೋಗುವಷ್ಟರಲ್ಲಿ ದೊಡ್ಡಮ್ಮ ಲೋಟ ಹಿಡಿದು ನಗುತ್ತಾ ನಿಂತಿರುತ್ತಿದ್ದರು.

ಆ ವರ್ಷವೇ ದೊಡ್ಡಮ್ಮ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅವರು ಜ್ವರದಿಂದ ಮಲಗಿದಂದಿನಿಂದ ಕಂಪ್ಯೂಟರನ್ನು ಯಾರೂ ಆನ್ ಮಾಡಿರಲಿಲ್ಲ. ಹನ್ನೊಂದನೆಯ ದಿನ ಕಾರ್ಯ ಮುಗಿದ ಮೇಲೆ ದೊಡ್ಡಮ್ಮನ ಫೋಟೋ ಹುಡುಕಲೆಂದು ನಾನೇ ಹೋಗಿ ಅದನ್ನು ಆನ್ ಮಾಡಿದೆ. ಗಂಟೆ ನಾಲ್ಕಾಯಿತು.

"ರೀ, ಟೀ ಆರೋಗ್ತೈತೆ, ಬರ್ರಿ!"

ಕೂತಿದ್ದ ನೆಂಟರೆಲ್ಲ ಗರಬಡಿದವರಂತಾದರು. ದೊಡ್ಡಪ್ಪ ಮಾತ್ರ "ಬಂದೆ" ಎಂದು ಎದ್ದು, ಅಡುಗೆಮನೆಯ ಬಾಗಿಲವರೆಗೆ ಹೋಗಿ, ಅಲ್ಲೇ ನಿಂತುಬಿಟ್ಟರು. ನನಗೆ ಭೂಮಿಗಿಳಿದು ಹೋಗುವಂತಾಯಿತು.

ಸ್ವಲ್ಪ ಹೊತ್ತಿಗೆ ಬಂದು ಆ ಸಾಲಿನ ಮುಂದೆ ಹ್ಯಾಶ್ ಹಾಕಿದರು. ನೋಟ್‌ಬುಕ್ ತೆರೆದು "ಕೂಗು ನಿಲ್ಲಿಸಿದೆ" ಎಂದು ಬರೆದರು. ಯಾಕೆ ಎಂಬಲ್ಲಿ ದೊಡ್ಡಮ್ಮನ ಹೆಸರು. ಮತ್ತೆ ಮೊದಲಿನಂತೆ ಮಾಡುವುದು ಹೇಗೆ ಎಂಬ ಮೂರನೆಯ ಕಾಲಂಗೆ ಬಂದಾಗ ಪೆನ್ನು ನಿಂತಿತು.

"ಹ್ಯಾಶ್ ತೆಗೆದ್ರೆ ಆತಲ್ಲ ದೊಡ್ಡಪ್ಪ, ಮತ್ತೆ ಬರ್ತೈತೆ," ಎಂದೆ. ಎಂಥ ದಡ್ಡ ನಾನು!

"ಕೂಗು ಬರ್ತೈತೆ ಕಣಪ್ಪ," ಎಂದ ದೊಡ್ಡಪ್ಪ, ಆ ಕಾಲಂ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು.